ಬಚ್ಚಲ ಫರಸಿಗೆ ಆಸಿಡ್ ಬೇಡ



ನಮ್ಮ ಗಡಿ ಸೀಮೆಯಲ್ಲಿ ತಾಂಡೂರು ಕಲ್ಲನ್ನೋ ಶಹಾಬಾದ ಫರಸಿಯನ್ನೋ ಹಾಸಿದ ಬಚ್ಚಲುಮನೆಗಳೇ ಹೆಚ್ಚು. ಗಣಿ ಹತ್ತಿರವಾದ್ದರಿಂದ ಬೆಲೆ ಕಡಿಮೆ, ಬಾಳಿಕೆ ಬಹಳ. ಆದರೆ ಕೆಲವು ವರ್ಷಗಳಲ್ಲಿ ಸ್ನಾನ ಮಾಡುವ ಜಾಗದಲ್ಲಿ ಬೂದುಬಿಳಿ ಪದರವೊಂದು ಕೂರುತ್ತದೆ. ನೀರು ಬಿದ್ದರೆ ಕಾಲು ಜಾರುತ್ತದೆ; ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದು ಇಂಥಲ್ಲಿಯೇ. ಇದನ್ನು ತೆಗೆಯಲು ಆಸಿಡ್ ಸುರಿಯುವ ರೂಢಿ ಬಂದಿದೆ. ಮನೆ ಆಶೀರ್ವಾದಕ್ಕೆ ಹೋದಾಗ ಎಷ್ಟೋ ಬಚ್ಚಲುಗಳ ಮೂಲೆಯಲ್ಲಿ ಆ ಬಾಟಲಿಯನ್ನು ನಾವು ಕಂಡಿದ್ದೇವೆ.

ಈ ಪದರ ಏನು? ನಮ್ಮ ಬೋರ್‌ವೆಲ್‌ಗಳ ನೀರು ಬಹುಮಟ್ಟಿಗೆ ಗಡಸು. ಬೇಳೆ ಬೇಗ ಬೇಯದು, ಸಾಬೂನು ನೊರೆ ಕೊಡದು, ಹಂಡೆಯ ಒಳಗೆ ಬಿಳಿ ಹೊಟ್ಟು ಕಟ್ಟುತ್ತದೆ. ಇದಕ್ಕೆ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಸಾಬೂನು ಇವುಗಳೊಡನೆ ಕೂಡಿದಾಗ ನೀರಿನಲ್ಲಿ ಕರಗದ ಜಿಡ್ಡಾಗುತ್ತದೆ. ನೀರು ಆರಿದಂತೆ ಸುಣ್ಣದ ಅಂಶವೂ ಅದರೊಡನೆ ಗಟ್ಟಿಯಾಗಿ ಕಲ್ಲನ್ನು ಕಚ್ಚಿಕೊಳ್ಳುತ್ತದೆ.

ಇನ್ನು ಆ ಕಲ್ಲು ಯಾವುದು? ಅದೂ ಸುಣ್ಣಕಲ್ಲೇ. ವಾಡಿ, ತಾಂಡೂರು ಕಡೆಯ ಕಾರ್ಖಾನೆಗಳು ಸಿಮೆಂಟ್ ಮಾಡುವುದು ಆ ಭಾಗದ ಸುಣ್ಣಕಲ್ಲಿನಿಂದಲೇ. ಹೀಗಿರುವಾಗ ಪದರ ಯಾವುದು, ಕಲ್ಲು ಯಾವುದು ಎಂಬ ಭೇದ ಆಸಿಡ್‌ಗೆ ತಿಳಿಯದು. ಬುಸ್ಸೆಂದು ನೊರೆ ಎದ್ದಾಗ ಕೊಳೆ ಹೋಯಿತೆಂದು ಸಂತೋಷಪಡುತ್ತೇವೆ. ಅದರೊಡನೆ ಕಲ್ಲೂ ಕರಗಿರುತ್ತದೆ. ಮೇಲ್ಮೈ ಒರಟಾಗಿ, ಸಣ್ಣ ಸಣ್ಣ ಕುಳಿಗಳಾಗಿ, ಮುಂದಿನ ಜಿಡ್ಡು ಇನ್ನೂ ಬಿಗಿಯಾಗಿ ಕೂರುತ್ತದೆ. ಮತ್ತೆ ಆಸಿಡ್! ಹುಣಸೆಹಣ್ಣು, ನಿಂಬೆರಸ ಹಿತ್ತಾಳೆ ಪಾತ್ರೆಗೆ ಒಳ್ಳೆಯವು, ಈ ಫರಸಿಗೆ ಅಲ್ಲ. ಅನುಮಾನವಿದ್ದರೆ ಮಿಕ್ಕ ಕಲ್ಲಿನ ತುಂಡಿನ ಮೇಲೆ ಎರಡು ಹನಿ ನಿಂಬೆರಸ ಬಿಟ್ಟು, ಅರ್ಧ ಗಂಟೆಯ ನಂತರ ತೊಳೆದು ನೋಡಿರಿ. ಹನಿ ಬಿದ್ದ ಜಾಗ ಮಂಕಾಗಿದ್ದರೆ ಅದು ಸುಣ್ಣಕಲ್ಲು.

ಕಲ್ಲು ಹೋದರೆ ಹೋಗಲಿ, ಪ್ರಾಣಕ್ಕೂ ಅಪಾಯವಿದೆ. ಆಸಿಡ್ ಹಾಕಿದ ಮೇಲೆ ಇನ್ನಷ್ಟು ಬೆಳ್ಳಗಾಗಲೆಂದು ಕೆಲವರು ಬ್ಲೀಚಿಂಗ್ ಪೌಡರ್ ಉದುರಿಸುತ್ತಾರೆ. ಇವೆರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಗಾಳಿ ಹೊರಡುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಹಾಗಾದರೆ ನೀರು ಹಾಕಿ ತೊಳೆಯಲು ನಿಲ್ಲದೆ ತಕ್ಷಣ ಹೊರಗೆ ಬಂದು, ಬಾಗಿಲು ತೆರೆದಿಟ್ಟು, ಶುದ್ಧ ಗಾಳಿಗೆ ಹೋಗತಕ್ಕದ್ದು. ಕೆಮ್ಮು, ಉಬ್ಬಸ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಆಸಿಡನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವುದಂತೂ ಸರ್ವಥಾ ಕೂಡದು. ಮಕ್ಕಳಿಗೆ ಅದು ಕುಡಿಯುವ ವಸ್ತುವಾಗಿಯೇ ಕಾಣುತ್ತದೆ.

ಸುರಕ್ಷಿತ ವಿಧಾನ ಕಷ್ಟದ್ದಲ್ಲ, ಕೊಂಚ ನಿಧಾನದ್ದು ಅಷ್ಟೇ. 5 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ಸೇರಿಸಿರಿ. ಆ ದ್ರವ ನಿಂಬೆಯ ಹುಳಿ ಸೇರಿದ್ದಾಗಿರಬಾರದು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ನಂತರ ಎಲ್ಲ ಕಡೆ ಹರಡಿ ಹತ್ತು ನಿಮಿಷ ಬಿಡಿರಿ, ಆರಲು ಬಿಡಬೇಡಿರಿ. ನೈಲಾನ್ ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ತಿಕ್ಕಬೇಕು. ತಂತಿ ಬ್ರಷ್, ಮರಳು, ಇಟ್ಟಿಗೆಪುಡಿ ಬೇಡ. ಅವು ಈ ಕಲ್ಲಿಗಿಂತ ಗಟ್ಟಿಯಾದ್ದರಿಂದ ಗೀರು ಬೀಳುತ್ತದೆ. ಕೈಗೆ ರಬ್ಬರ್ ಗವಸು ಇರಲಿ. ಕೊನೆಗೆ ಧಾರಾಳ ನೀರಿನಿಂದ ತೊಳೆದು ಹಳೆಯ ಬಟ್ಟೆಯಿಂದ ಒರೆಸಿರಿ. ಹಳೆಯ ಪದರ ಒಂದೇ ಸಲಕ್ಕೆ ಬಿಡುವುದಿಲ್ಲ, ವಾರಕ್ಕೊಮ್ಮೆಯಂತೆ ನಾಲ್ಕಾರು ಸಲ ಬೇಕಾದೀತು. ಆಸಿಡ್ ತಿಂದು ಒರಟಾದ ಕಲ್ಲಿಗೆ ಮಾತ್ರ ಪಾಲಿಶ್ ಮಾಡುವವರನ್ನೇ ಕರೆಸಬೇಕು. ಮುಂದೆ, ಪ್ರತಿದಿನ ಕೊನೆಗೆ ಸ್ನಾನ ಮಾಡಿದವರು ನೆಲದ ನೀರನ್ನು ಎಳೆದು ಒರೆಸಿದರೆ ಪದರ ಕಟ್ಟುವುದೇ ಬಹಳ ಕಡಿಮೆಯಾಗುತ್ತದೆ.

ರೈತರಿಗೆ ಇನ್ನೊಂದು ಮಾತು. ಹಿತ್ತಲ ಬಾಳೆಗೋ ಕರಿಬೇವಿಗೋ ಬಚ್ಚಲ ನೀರು ಬಿಡುವುದು ವಾಡಿಕೆ. ಸೋಡಾ ಹಾಕಿ ತೊಳೆದ ದಿನ ಆ ನೀರನ್ನು ಬೇರೆ ಕಡೆ ತಿರುಗಿಸಿರಿ. ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳುಮಣ್ಣಿನಲ್ಲಿರುವುದೂ ಇದೇ ಸೋಡಾ. ನಮ್ಮ ಎರೆಭೂಮಿಗೆ ಅದು ಮೇಲಿಂದ ಮೇಲೆ ಬಿದ್ದರೆ ಮಣ್ಣು ಬಿಗಿದು, ನೀರು ಇಂಗದೆ, ಆ ಜಾಗವೂ ಚೌಳಾಗುತ್ತದೆ.