ರಕ್ತಪಿಶಾಚಿಯ ಚಿತ್ರವೂ ನೋಡುಗನ ನಾಡಿಯೂ

ಸಂಗೀತ ಕಛೇರಿಗೆ ಹೋಗಿ ಬಂದವನು ಅದನ್ನು ನಾಲ್ಕು ಜನರ ಮುಂದೆ ಸಂತೋಷದಿಂದ ಹೇಳಿಕೊಳ್ಳುತ್ತಾನೆ. ಒಳ್ಳೆಯ ನಾಟಕವನ್ನು ನೋಡಿದವನು ಮರುದಿನ ಕಚೇರಿಯಲ್ಲಿ ಅದರ ಪ್ರಸ್ತಾಪ ಮಾಡದೆ ಇರಲಾರನು. ಆದರೆ ರಟ್ಟಿನ ಕೋಟೆ, ದಾರದಲ್ಲಿ ತೂಗಾಡುವ ಬಾವಲಿ, ತುಟಿಯಂಚಿನಿಂದ ಕೆಂಪು ಬಣ್ಣ ಸುರಿಸುವ ರಕ್ತಪಿಶಾಚಿ, ಇವುಗಳಿಂದ ಕೂಡಿದ ಅಗ್ಗದ ಭಯಾನಕ ಚಿತ್ರವೊಂದನ್ನು ನೋಡಿ ಸುಖಪಟ್ಟವನು ಮಾತ್ರ ಆ ಸಂಗತಿಯನ್ನು ಮುಚ್ಚಿಡುತ್ತಾನೆ. ಮನೆಯವರೆಲ್ಲ ಮಲಗಿದ ಮೇಲೆ ಒಬ್ಬನೇ ಕುಳಿತು ನೋಡುತ್ತಾನೆ. ಯಾರಾದರೂ ಕೇಳಿದರೆ ವಾರ್ತೆ ನೋಡುತ್ತಿದ್ದೆನೆಂದು ಹೇಳುತ್ತಾನೆ. ವಿದ್ಯಾವಂತರಲ್ಲಿಯೂ ವಯಸ್ಸಾದವರಲ್ಲಿಯೂ ಕಂಡುಬರುವ ಈ ಅಭಿರುಚಿ ಮನಸ್ಸಿನ ದೋಷವೇ? ಇದರಿಂದ ಆರೋಗ್ಯಕ್ಕೆ ಹಾನಿಯುಂಟೇ? ಇಂಥ ಚಿತ್ರಗಳ ಇತಿಹಾಸವನ್ನೂ ಭಯದ ಶರೀರಶಾಸ್ತ್ರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಗಳಿಗೆ ಸಮಾಧಾನ ದೊರೆಯುತ್ತದೆ.

ಬಡತನದಲ್ಲಿ ಹುಟ್ಟಿದ ಭಯ

ಐರ್ಲೆಂಡಿನ ಬ್ರ್ಯಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಕಾದಂಬರಿ 1897ರಲ್ಲಿ ಪ್ರಕಟವಾಯಿತು. 1922ರಲ್ಲಿ ಜರ್ಮನಿಯ ಮುರ್ನೌ ಎಂಬ ನಿರ್ದೇಶಕನು ಹಕ್ಕು ಪಡೆಯದೆಯೇ ಆ ಕಥೆಯನ್ನು 'ನೊಸ್ಫೆರಾಟು' ಎಂಬ ಮೂಕಚಿತ್ರವನ್ನಾಗಿ ಮಾಡಿದನು. ಸ್ಟೋಕರನ ವಿಧವೆ ನ್ಯಾಯಾಲಯಕ್ಕೆ ಹೋದಳು. ಚಿತ್ರದ ಪ್ರತಿಗಳನ್ನು ನಾಶಪಡಿಸಬೇಕೆಂದು ತೀರ್ಪಾಯಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. ಸತ್ತರೂ ಸಾಯದ ನಾಯಕನ ಕಥೆಗೆ ಈ ಅದೃಷ್ಟ ಒಪ್ಪುವಂಥದೇ ಆಗಿದೆ.

1958ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ ಕ್ರಿಸ್ಟೋಫರ್ ಲೀ ಮತ್ತು ಪೀಟರ್ ಕುಶಿಂಗ್ ಅಭಿನಯಿಸಿದ 'ಡ್ರಾಕುಲಾ'ವನ್ನು ವರ್ಣದಲ್ಲಿ ಹೊರತಂದಿತು. ಥೇಮ್ಸ್ ನದಿಯ ದಂಡೆಯ ಒಂದು ಹಳೆಯ ಬಂಗಲೆಯೇ ಸಂಸ್ಥೆಯ ಸ್ಟುಡಿಯೋ. ಹಣ ಉಳಿಸುವುದಕ್ಕಾಗಿ ಒಂದೇ ರಂಗಸಜ್ಜಿಕೆಯನ್ನು ಎರಡು ಮೂರು ಚಿತ್ರಗಳಿಗೆ ತಿರುಗಿಸಿ ಬಳಸುವುದು ಅಲ್ಲಿಯ ಪದ್ಧತಿ. 1966ರ ಡ್ರಾಕುಲಾ ಚಿತ್ರದ ಕೋಟೆಯೇ ಅದೇ ವರ್ಷ ರಾಸ್ಪುಟಿನ್ ಕುರಿತ ಚಿತ್ರದಲ್ಲಿಯೂ ಕಾಣಿಸಿಕೊಂಡಿತು.

ಅಮೆರಿಕದ ಎಡ್ ವುಡ್ ಎಂಬ ನಿರ್ದೇಶಕನ ಬಡತನ ಇನ್ನೂ ಹೆಚ್ಚಿನದು. 1931ರಲ್ಲಿ ಡ್ರಾಕುಲಾ ಪಾತ್ರದಿಂದ ಜಗತ್ಪ್ರಸಿದ್ಧನಾದ ಬೇಲಾ ಲುಗೋಸಿಯ ಕೆಲವೇ ದೃಶ್ಯಗಳನ್ನು ಅವನು ಚಿತ್ರೀಕರಿಸಿಕೊಂಡಿದ್ದನು. ಅಷ್ಟರಲ್ಲಿ, 1956ರಲ್ಲಿ, ಲುಗೋಸಿ ತೀರಿಕೊಂಡನು. ವುಡ್ ಧೃತಿಗೆಡಲಿಲ್ಲ. ಬೆನ್ನುಮೂಳೆಯ ನೋವಿಗೆ ಕೈಚಿಕಿತ್ಸೆ ಮಾಡುವ, ತನ್ನ ಹೆಂಡತಿಗೆ ಪರಿಚಿತನಾದ ಒಬ್ಬನನ್ನು ಕರೆತಂದು, ಕರಿಯ ನಿಲುವಂಗಿಯಿಂದ ಮುಖ ಮುಚ್ಚಿಸಿ, ಉಳಿದ ಭಾಗವನ್ನು ಪೂರೈಸಿದನು. 'ಪ್ಲ್ಯಾನ್ ನೈನ್ ಫ್ರಂ ಔಟರ್ ಸ್ಪೇಸ್' ಎಂಬ ಆ ಚಿತ್ರ ಮೊದಲು ಹಾಸ್ಯಾಸ್ಪದವೆನಿಸಿ, ಅನಂತರ ಅದೇ ಕಾರಣದಿಂದ ಪ್ರೀತಿಪಾತ್ರವಾಯಿತು.

ಮುಂಬಯಿಯಲ್ಲಿ ಈ ಕಸುಬನ್ನು ಕೈಗೆತ್ತಿಕೊಂಡವರು ರಾಮ್ಸೆ ಸಹೋದರರು. ಏಳು ಮಂದಿ ಅಣ್ಣತಮ್ಮಂದಿರು ನಿರ್ದೇಶನ, ಛಾಯಾಗ್ರಹಣ, ಧ್ವನಿ, ಸಂಕಲನ ಮೊದಲಾದ ಕೆಲಸಗಳನ್ನು ತಮ್ಮಲ್ಲೇ ಹಂಚಿಕೊಂಡರು. 1972ರ 'ದೋ ಗಜ್ ಜಮೀನ್ ಕೆ ನೀಚೆ' ಚಿತ್ರವನ್ನು ಮನೆಮಂದಿಯೊಡನೆ ಮಹಾಬಳೇಶ್ವರಕ್ಕೆ ಹೋಗಿ ಚಿತ್ರೀಕರಿಸಿದರು. 1984ರ 'ಪುರಾನಾ ಮಂದಿರ್' ಭಾರಿ ಯಶಸ್ಸು ಕಂಡಿತು. 1990ರ 'ಬಂದ್ ದರ್ವಾಜಾ'ದಲ್ಲಿ ಶವಪೆಟ್ಟಿಗೆಯಲ್ಲಿ ಮಲಗುವ ಯೂರೋಪಿನ ರಕ್ತಪಿಶಾಚಿಯೇ ಹಿಂದಿ ಮಾತನಾಡುವವರ ನಡುವೆ ಎದ್ದು ಬಂದನು.

ಶರೀರದಲ್ಲಿ ನಡೆಯುವುದೇನು?

ಪರದೆಯ ಮೇಲೆ ಬಾಗಿಲು ಕಿರ್ರೆಂದು ತೆರೆದೊಡನೆ ನೋಡುಗನ ಮಿದುಳಿನ ಒಳಭಾಗದಲ್ಲಿರುವ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ ಅಪಾಯದ ಸೂಚನೆ ನೀಡುತ್ತದೆ. ಇದು ಸುಳ್ಳೋ ನಿಜವೋ ಎಂದು ವಿಚಾರಿಸುವ ಮೇಲ್ಮಿದುಳಿನ ತೀರ್ಮಾನಕ್ಕಾಗಿ ಅದು ಕಾಯುವುದಿಲ್ಲ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಏರುತ್ತದೆ, ಉಸಿರು ತ್ವರೆಗೊಳ್ಳುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿತವಾಗಿ ಮುಖ ಬಿಳುಪೇರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಓಡಿಹೋಗುವುದಕ್ಕೆ ಅಥವಾ ಎದುರಿಸಿ ಹೋರಾಡುವುದಕ್ಕೆ ಶರೀರ ಮಾಡಿಕೊಳ್ಳುವ ಸಿದ್ಧತೆ ಇದು.

ಈ ಲಕ್ಷಣಗಳು ಭಾರತೀಯರಿಗೆ ಹೊಸವಲ್ಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತದೆ. ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ, ಇವೆಲ್ಲವೂ ಇಚ್ಛೆಯ ಹಿಡಿತಕ್ಕೆ ಸಿಕ್ಕದೆ ತಾವಾಗಿಯೇ ನಡೆಯುವ ನರಮಂಡಲದ ವ್ಯಾಪಾರಗಳೆಂಬುದನ್ನು ಇಂದಿನ ವೈದ್ಯಶಾಸ್ತ್ರ ವಿವರಿಸುತ್ತದೆ.

ಭಯದಲ್ಲಿ ಸುಖವೆಲ್ಲಿಂದ?

ಅಡ್ರಿನಲಿನ್ ರಕ್ತದಲ್ಲಿ ಬಹಳ ಹೊತ್ತು ಉಳಿಯದು. ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಆದರೆ ಅಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ. ಬೆಳಗಿನ ಬಿಸಿಲು ಬಿದ್ದು ಪಿಶಾಚಿ ಬೂದಿಯಾಗಿರುತ್ತದೆ. ಅಪಾಯ ಕಳೆದರೂ ಶರೀರದ ಉದ್ರೇಕ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಉಳಿದ ಆ ಉದ್ರೇಕ ಮುಂದಿನ ಭಾವಕ್ಕೆ ವರ್ಗವಾಗಿ, ಸಾಮಾನ್ಯ ನೆಮ್ಮದಿಯನ್ನೇ ದೊಡ್ಡ ಆನಂದವನ್ನಾಗಿಯೂ ಸಣ್ಣ ನಗೆಯನ್ನೇ ಅಟ್ಟಹಾಸವನ್ನಾಗಿಯೂ ಮಾಡುತ್ತದೆ ಎಂದು ಡಾಲ್ಫ್ ಜಿಲ್‌ಮನ್ ಎಂಬ ಮನಶ್ಶಾಸ್ತ್ರಜ್ಞ ವಿವರಿಸಿದ್ದಾನೆ.

ಪಾಲ್ ರೋಜಿನ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಇದನ್ನು ಮೆಣಸಿನಕಾಯಿಯ ರುಚಿಗೆ ಹೋಲಿಸುತ್ತಾನೆ. ಖಾರವು ನಾಲಗೆಯಲ್ಲಿ ಸುಡುವ ಬಿಸಿಯನ್ನು ತಿಳಿಸುವ ನರತಂತುಗಳನ್ನೇ ಕೆರಳಿಸುತ್ತದೆ. ಶರೀರ 'ಬೆಂಕಿ' ಎನ್ನುತ್ತದೆ. ಬುದ್ಧಿ 'ಊಟ' ಎನ್ನುತ್ತದೆ. ಶರೀರ ಮೋಸಹೋಗಿದೆ, ತಾನು ಕ್ಷೇಮವಾಗಿದ್ದೇನೆ ಎಂಬ ಅರಿವಿನಲ್ಲಿಯೇ ಸುಖವಿದೆ. ಕಾವ್ಯಮೀಮಾಂಸಕರು ಇದೇ ತತ್ತ್ವವನ್ನು ಬೇರೆ ಮಾತಿನಲ್ಲಿ ಹೇಳಿದ್ದರು. ಭಯವೆಂಬ ಸ್ಥಾಯೀಭಾವ ನೋಡುಗನ ಸ್ವಂತ ಲಾಭನಷ್ಟಗಳಿಂದ ಬಿಡುಗಡೆ ಹೊಂದಿ ಸಾಧಾರಣೀಕರಣಗೊಂಡಾಗ ಮಾತ್ರ ಭಯಾನಕ ರಸವಾಗಿ ಆಸ್ವಾದ್ಯವಾಗುತ್ತದೆ. ಕಾಡಿನಲ್ಲಿ ಎದುರಾದ ಹುಲಿಯಿಂದ ಭಯವುಂಟು, ರಸವಿಲ್ಲ.

ಕರಾವಳಿಯ ಯಕ್ಷಗಾನ ಬಯಲಾಟವನ್ನು ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ದೀವಟಿಗೆಗೆ ರಾಳದ ಪುಡಿ ಎರಚಿ, ಬೆಂಕಿ ಭುಗಿಲೆದ್ದ ಬೆಳಕಿನಲ್ಲಿ ಆರ್ಭಟಿಸುತ್ತ ಬಣ್ಣದ ವೇಷ ಪ್ರವೇಶಿಸುವಾಗ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತಾರೆ. ಆದರೂ ಒಂದು ಕಣ್ಣನ್ನು ಹೊರಗಿಟ್ಟಿರುತ್ತಾರೆ. ತಾಯಿಯ ಸೆರಗು ಕೈಯಲ್ಲಿರುವುದರಿಂದಲೇ ಆ ಕಣ್ಣು ತೆರೆದಿರುತ್ತದೆ.

ಅಗ್ಗದ ಚಿತ್ರಗಳ ಗುಟ್ಟು ಇಲ್ಲಿದೆ. ಬಾವಲಿಯ ದಾರ ಕಾಣುವುದು, ಗೋರಿಯ ಕಲ್ಲು ಅಲುಗಾಡುವುದು, ರಕ್ತ ಕುಂಕುಮದ ನೀರಿನಂತೆ ಹೊಳೆಯುವುದು, ಇವೆಲ್ಲ ಕಲೆಯ ದೃಷ್ಟಿಯಿಂದ ದೋಷಗಳೇ ಸರಿ. ಆದರೆ ನೋಡುಗನ ಪಾಲಿಗೆ ಅವೇ ತಾಯಿಯ ಸೆರಗು. 'ಇದು ಆಟ' ಎಂದು ಅವು ಕ್ಷಣಕ್ಷಣವೂ ನೆನಪಿಸುತ್ತವೆ. ಶರೀರ ಬೆಚ್ಚುತ್ತದೆ, ಬುದ್ಧಿ ನಗುತ್ತದೆ. ಅಡುಗೆಮನೆಯ ಉಪಮೆ ಬೇಕಾದರೆ ಈ ಚಿತ್ರಗಳು ಬ್ಯಾಡಗಿ ಮೆಣಸಿನಕಾಯಿಯಂತೆ: ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿಯನ್ನು ತಡೆದುಕೊಳ್ಳಲಾರದ ಹೊಟ್ಟೆಗೂ ಇದು ಸಾಮಾನ್ಯವಾಗಿ ಒಗ್ಗುತ್ತದೆ. ಹೀಗಿರಲು ಇಂಥ ಚಿತ್ರದಿಂದ ಸುಖಪಡುವವನು ಕ್ರೂರಿಯೂ ಅಲ್ಲ, ಅಭಿರುಚಿಹೀನನೂ ಅಲ್ಲ.

ರಕ್ತ ನಿಜವಾಗಿ ಹೆಪ್ಪುಗಟ್ಟುವುದೇ?

'ರಕ್ತ ಹೆಪ್ಪುಗಟ್ಟುವಂಥ ದೃಶ್ಯ' ಎಂಬ ಮಾತು ಬಳಕೆಯಲ್ಲಿದೆ. ನೆದರ್ಲೆಂಡಿನ ಲೈಡನ್ನಿನ ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡಿದರು. 30 ವರ್ಷ ಮೀರದ 24 ಆರೋಗ್ಯವಂತರಿಗೆ ಒಂದು ಭಯಾನಕ ಚಿತ್ರವನ್ನೂ ಒಂದು ವಾರದ ಅಂತರದಲ್ಲಿ ಒಂದು ಶೈಕ್ಷಣಿಕ ಚಿತ್ರವನ್ನೂ ತೋರಿಸಿ, ಪ್ರತಿಸಲವೂ ಮೊದಲು ಮತ್ತು ಅನಂತರ ರಕ್ತವನ್ನು ತೆಗೆದು ಪರೀಕ್ಷಿಸಿದರು. ಹೆಪ್ಪುಗಟ್ಟುವಿಕೆಗೆ ನೆರವಾಗುವ 'ಎಂಟನೆಯ ಅಂಶ' ಎಂಬ ಪ್ರೋಟೀನು ಭಯಾನಕ ಚಿತ್ರವನ್ನು ನೋಡಿದಾಗ ಹೆಚ್ಚಿದ್ದು ಕಂಡುಬಂದಿತು. ಆದರೆ ರಕ್ತ ನಿಜವಾಗಿ ಗರಣೆಗಟ್ಟಿದ ಚಿಹ್ನೆಗಳು ದೊರೆಯಲಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2015ರ ಡಿಸೆಂಬರಿನಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿತು. ಗಾಯವಾಗುವ ಸಂಭವವಿದ್ದಾಗ ರಕ್ತಸ್ರಾವವನ್ನು ತಡೆಯಲು ಶರೀರ ಮುಂಚಿತವಾಗಿಯೇ ಸಿದ್ಧವಾಗುತ್ತದೆ ಎಂದು ಇದರಿಂದ ಊಹಿಸಬಹುದು.

ಆಟವೆಂಬ ಅರಿವು ತಪ್ಪಿದಾಗ

ಇದೇ ಭಯ ಆಟದ ಎಲ್ಲೆಯನ್ನು ಮೀರಿ ನಂಬಿಕೆಯಾದರೆ ಅದರ ಫಲ ದಾರುಣ. ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್ ಎಂಬ ಊರಿನಲ್ಲಿ ಬ್ರೌನ್ ಎಂಬ ರೈತನ ಮನೆಯವರು ಒಬ್ಬರ ಹಿಂದೆ ಒಬ್ಬರು ಕ್ಷಯರೋಗಕ್ಕೆ ಬಲಿಯಾದರು. ಮೊದಲು ತಾಯಿ, ಅನಂತರ ಹಿರಿಯ ಮಗಳು, 1892ರ ಜನವರಿಯಲ್ಲಿ ಹತ್ತೊಂಬತ್ತು ವರ್ಷದ ಮರ್ಸಿ. ಮಗ ಎಡ್ವಿನ್ ಹಾಸಿಗೆ ಹಿಡಿದನು. ಸತ್ತವರಲ್ಲಿ ಯಾರೋ ಇವನ ಜೀವವನ್ನು ಹೀರುತ್ತಿದ್ದಾರೆಂದು ಊರವರು ಶಂಕಿಸಿ, ಮಾರ್ಚ್ ತಿಂಗಳಲ್ಲಿ ಶವಗಳನ್ನು ಹೊರತೆಗೆದರು. ಚಳಿಗಾಲದ ಶೀತದಲ್ಲಿ ಎರಡೇ ತಿಂಗಳು ಇದ್ದ ಮರ್ಸಿಯ ಶವ ಕೆಡದಿದ್ದುದೇ ಸಾಕ್ಷ್ಯವಾಯಿತು. ಅವಳ ಹೃದಯವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ರೋಗಿಗೆ ಕುಡಿಸಿದರು. ಮೇ ತಿಂಗಳಲ್ಲಿ ಎಡ್ವಿನ್ ಸತ್ತನು. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿ ಆಗಲೇ ಹತ್ತು ವರ್ಷಗಳಾಗಿದ್ದವು.

ಆ ಮನೆಯಲ್ಲಿ ಜೀವ ಹೀರುತ್ತಿದ್ದುದು ಸತ್ತ ಮಗಳಲ್ಲ, ಕಣ್ಣಿಗೆ ಕಾಣದ ಒಂದು ಸೂಕ್ಷ್ಮಾಣು. ಇಂದು ಸಾಮಾನ್ಯ ಕ್ಷಯವು ಸುಮಾರು ಆರು ತಿಂಗಳ ಕ್ರಮಬದ್ಧ ಔಷಧಿಯಿಂದ ಗುಣವಾಗುತ್ತದೆ. ಆದರೂ ಕಾಯಿಲೆಯನ್ನು ಮುಚ್ಚಿಡುವ, ಮಾಟಮಂತ್ರವೆಂದು ಶಂಕಿಸುವ ಮನೆಗಳು ಇಲ್ಲದಿಲ್ಲ. ಪಿಶಾಚಿಯನ್ನು ಪರದೆಯ ಮೇಲೆ ನೋಡಿ ನಕ್ಕು ಬರುವುದು ಆರೋಗ್ಯ. ಅದನ್ನು ರೋಗಿಯ ಕೋಣೆಗೆ ಕರೆತರುವುದು ಅನಾಹುತ.

ಯಾರು ಎಚ್ಚರವಾಗಿರಬೇಕು?

ಏಳೆಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕಲ್ಪನೆ ಮತ್ತು ವಾಸ್ತವಗಳ ನಡುವಣ ಗೆರೆ ಸ್ಪಷ್ಟವಾಗಿರುವುದಿಲ್ಲ. ದಾರ ಕಂಡರೂ ಅವರಿಗೆ ಬಾವಲಿ ಬಾವಲಿಯೇ. ಇಂಥ ಚಿತ್ರಗಳನ್ನು ಅವರಿಗೆ ತೋರಿಸುವುದು ಉಚಿತವಲ್ಲ. ನೋಡಿ ಹೆದರಿದ ಮಗುವನ್ನು ಹೇಡಿಯೆಂದು ಹಳಿಯದೆ, ದೀಪ ಹಚ್ಚಿ, ಪಕ್ಕದಲ್ಲಿ ಮಲಗಿಸಿಕೊಂಡು ಸಂತೈಸಬೇಕು.

ಹೃದ್ರೋಗವಿದ್ದವರು ಎದೆನೋವು ಅಥವಾ ಉಸಿರಿನ ತೊಂದರೆ ಕಂಡೊಡನೆ ಚಿತ್ರವನ್ನು ನಿಲ್ಲಿಸಿ ವೈದ್ಯರ ನೆರವು ಪಡೆಯತಕ್ಕದ್ದು. ನಿದ್ರಾಹೀನತೆಯುಳ್ಳವರು ಮಲಗುವ ಹೊತ್ತಿನಲ್ಲಿ ನೋಡಬಾರದು.

ರಕ್ತವನ್ನು ಕಂಡರೆ ಮೂರ್ಛೆ ಹೋಗುವವರ ವಿಷಯ ಬೇರೆ. ಇತರ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ಇವರಲ್ಲಿ ಮೊದಲು ಏರಿ ಒಮ್ಮೆಲೆ ಕುಸಿಯುತ್ತದೆ. ಇದು ಮನೆತನದಲ್ಲಿ ಬರುವುದುಂಟು, ಪುಕ್ಕಲುತನವಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಸ್ಟ್ 1980ರ ದಶಕದಲ್ಲಿ ಇದಕ್ಕೊಂದು ಸರಳ ಅಭ್ಯಾಸವನ್ನು ರೂಪಿಸಿದನು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು ಬಿಗಿಹಿಡಿದು, ಮುಖ ಬಿಸಿಯಾದಂತೆ ತೋರಿದಾಗ ಸಡಿಲಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಮಾಡುವುದು. ಹೀಗೆ ಐದು ಸಲ ಮಾಡಿದರೆ ಒತ್ತಡ ಕುಸಿಯುವುದು ತಪ್ಪುತ್ತದೆ. ರಕ್ತದಾನ ಮಾಡಬೇಕೆಂಬ ಇಚ್ಛೆಯಿದ್ದೂ ತಲೆಸುತ್ತಿಗೆ ಅಂಜಿ ಹಿಂಜರಿಯುವವರು ವೈದ್ಯರನ್ನು ಕೇಳಿ ಇದನ್ನು ಅಭ್ಯಾಸ ಮಾಡಬಹುದು. ಶಿಬಿರದಲ್ಲಿ ಕೊಡುವುದು 350 ಅಥವಾ 450 ಮಿಲಿಲೀಟರು ಮಾತ್ರ. ಅದರಿಂದ ಉಳಿಯುವುದು ಒಂದು ಜೀವ.

ಕೊನೆಯದಾಗಿ, ಸಂಕೋಚದ ವಿಷಯ. ಸಂಕೋಚದಿಂದ ಮುಚ್ಚಿಡುವವನು ಚಿತ್ರವನ್ನು ನಡುರಾತ್ರಿಗೆ ತಳ್ಳುತ್ತಾನೆ. ಅಂಗೈಯಗಲದ ಮೊಬೈಲಿನಲ್ಲಿ ಕತ್ತಲಲ್ಲಿ ಒಬ್ಬನೇ ನೋಡುತ್ತಾನೆ. ನಿದ್ದೆಗೆಟ್ಟು ಮರುದಿನ ತೂಕಡಿಸುತ್ತಾನೆ. ಅವನ ಆರೋಗ್ಯ ಕೆಟ್ಟರೆ ಅದು ಪಿಶಾಚಿಯಿಂದಲ್ಲ, ನಾಚಿಕೆಯಿಂದ. ಅದೇ ಚಿತ್ರವನ್ನು ಭಾನುವಾರದ ಮಧ್ಯಾಹ್ನ, ಸಮವಯಸ್ಕರೊಡನೆ, ಚುರುಮುರಿ ತಿನ್ನುತ್ತ ನೋಡಿದರೆ ಕಿರುಚಾಟದ ಹಿಂದೆಯೇ ನಗೆ ಬರುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ಮಿತವರಿತು, ಹೊತ್ತರಿತು, ಜೊತೆಯವರೊಡನೆ ಹಂಚಿಕೊಂಡು ಅನುಭವಿಸುವ ಸುಖಕ್ಕೆ ತಲೆ ತಗ್ಗಿಸಬೇಕಾದ ಕಾರಣವಿಲ್ಲ.