ನಿಂಬೆಗಿಡಕ್ಕೆ ಹಲಗೆಯ ಪೆಟ್ಟಿಗೆ

ಪ್ರಶ್ನೆ: ಕತಗಾಲದ ನಮ್ಮ ಅಂಗಳದಲ್ಲಿ ನಿಂಬೆಗಿಡಕ್ಕೆ ಎತ್ತರದ ಮರದ ಪೆಟ್ಟಿಗೆ ಕಟ್ಟಬಹುದೇ? ಮಳೆ, ಒರಲೆಗೆ ತಾಳೀತೇ?

ಉತ್ತರ: ಖಂಡಿತ ಕಟ್ಟಬಹುದು. ದೇವಿಮನೆ ಘಟ್ಟದ ಬುಡದ ನಿಮ್ಮೂರಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ನೆಲ ಆರುವುದಿಲ್ಲ. ನೀರು ನಿಂತರೆ ನಿಂಬೆಯ ಬೇರು ಕೊಳೆಯುತ್ತದೆ. ಎತ್ತರಿಸಿದ ಮಣ್ಣು ಅದಕ್ಕೆ ಹಿತ.

ಮರ ಆರಿಸುವಾಗ ಹಲಗೆಯ ಅಂಚು ನೋಡಿ. ಹೊರಗಿನ ಬಿಳಿ ಪಟ್ಟಿಯನ್ನು ಒರಲೆ ಮೊದಲು ತಿನ್ನುತ್ತದೆ, ಒಳಗಿನ ಬಣ್ಣಗಟ್ಟಿದ ಕೆಚ್ಚು ತಾಳುತ್ತದೆ. ಸಾಗುವಾನಿ ಅಥವಾ ಹಲಸಿನ ಕೆಚ್ಚು ಒಳ್ಳೆಯದು. ಹಲಗೆ ನೆಲಕ್ಕೆ ತಾಗದಂತೆ ನಾಲ್ಕು ಮೂಲೆಗೂ ಚಿರೆಕಲ್ಲು ಕೊಡಿ. ತಳ ಮುಚ್ಚಬೇಡಿ, ಕಲ್ಲಿನ ಸಂದಿಗೆ ಜಲ್ಲಿ ತುಂಬಿ, ನೀರು ಇಳಿಯಲಿ, ಬೇರೂ ಇಳಿಯಲಿ. ಮೂರಡಿ ಚೌಕ, ಎರಡಡಿ ಎತ್ತರದ ಪೆಟ್ಟಿಗೆಯಲ್ಲಿ ತೊಯ್ದ ಮಣ್ಣು ಮುಕ್ಕಾಲು ಟನ್ನು ಮೀರುತ್ತದೆ. ಆ ಒತ್ತಡಕ್ಕೆ ಮೊಳೆ ಕಿತ್ತುಬರುತ್ತದೆ, ಮೂಲೆಗಳಿಗೆ ಬೋಲ್ಟೇ ಬೇಕು.

ಈಗಾಗಲೇ ಬೆಳೆದ ಗಿಡದ ಸುತ್ತ ಪೆಟ್ಟಿಗೆ ಕಟ್ಟಿ ಕಾಂಡಕ್ಕೆ ಮಣ್ಣೇರಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ತೊಗಟೆ ಕೊಳೆತು ಗಿಡ ಸಾಯುತ್ತದೆ. ಹೊಸ ಸಸಿಯನ್ನೇ ನೆಡಿ, ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಲಿ.