ಅರ್ಥಶಾಸ್ತ್ರದಲ್ಲಿ ಆನರ್ಸ್ ವ್ಯಾಸಂಗ

ಅರ್ಥಶಾಸ್ತ್ರವನ್ನು ಆನರ್ಸ್ ವಿಷಯವಾಗಿ ಓದಬೇಕೆಂದು ಬರುವ ವಿದ್ಯಾರ್ಥಿಗಳಲ್ಲಿಯೂ ಅವರ ತಂದೆತಾಯಿಗಳಲ್ಲಿಯೂ ಈ ಶಾಸ್ತ್ರದ ವಿಚಾರವಾಗಿ ಎರಡು ಬಗೆಯ ಭಾವನೆಗಳು ರೂಢವಾಗಿವೆ. ಹಣವನ್ನು ಸಂಪಾದಿಸುವ ಮಾರ್ಗವನ್ನು ಕಲಿಸತಕ್ಕ ಶಾಸ್ತ್ರ ಇದು ಎಂಬುದು ಒಂದು. ಲೆಕ್ಕಕ್ಕೆ ಹೆದರಿದವರು ನೆಮ್ಮದಿಯಾಗಿ ಓದಬಹುದಾದ, ವೃತ್ತಪತ್ರಿಕೆಯ ಅಗ್ರಲೇಖನವನ್ನೇ ಸ್ವಲ್ಪ ಹಿಗ್ಗಿಸಿದಂಥ ವಿಷಯ ಇದು ಎಂಬುದು ಇನ್ನೊಂದು. ಮೊದಲನೆಯದರಿಂದ ಅಷ್ಟೇನೂ ಅಪಾಯವಿಲ್ಲ; ಅರ್ಥಶಾಸ್ತ್ರದ ಅಧ್ಯಾಪಕರನ್ನು ಕಣ್ಣಾರೆ ಕಂಡವರಿಗೆ ಆ ಭ್ರಾಂತಿ ತಾನಾಗಿಯೇ ಕಳೆಯುತ್ತದೆ. ಎರಡನೆಯದು ಮಾತ್ರ ನಿಜವಾಗಿ ಹಾನಿಕರವಾದದ್ದು. ಅದನ್ನು ನಂಬಿ ಹದಿನಾರನೆಯ ವಯಸ್ಸಿನಲ್ಲಿ ಗಣಿತವನ್ನು ಕೈಬಿಟ್ಟ ಹುಡುಗನೋ ಹುಡುಗಿಯೋ, ಹದಿನೆಂಟನೆಯ ವಯಸ್ಸಿನಲ್ಲಿ ಹೋಗಿ ತಟ್ಟಿದಾಗ ತೆರೆಯದ ಬಾಗಿಲುಗಳು ಹಲವಿವೆ.

ಆನರ್ಸ್ ಎಂದರೇನು ಎಂಬುದನ್ನು ಮೊದಲು ಇತ್ಯರ್ಥಮಾಡಿಕೊಳ್ಳುವುದು ಮೇಲು. ಮೂರು ನಾಲ್ಕು ವಿಷಯಗಳನ್ನು ಸಮಪ್ರಮಾಣದಲ್ಲಿ ಓದಿ ತೇರ್ಗಡೆ ಹೊಂದುವುದು ಸಾಮಾನ್ಯ ಪದವಿ. ಒಂದೇ ಶಾಸ್ತ್ರವನ್ನು ಪ್ರಧಾನವಾಗಿ ಹಿಡಿದು ಅದರ ಬುಡದವರೆಗೂ ಇಳಿಯುವುದು ಆನರ್ಸ್ ಪದವಿ. ಅರ್ಥಶಾಸ್ತ್ರಕ್ಕೆ ಈ ಸ್ವತಂತ್ರವಾದ ಪಟ್ಟ ದೊರೆತು ಬಹಳ ಕಾಲವೇನೂ ಆಗಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಅದು ನೀತಿಶಾಸ್ತ್ರ, ತರ್ಕ, ಇತಿಹಾಸಗಳ ಮನೆಯಲ್ಲಿ ಬಾಡಿಗೆಗೆ ಇದ್ದಂತೆ ಇತ್ತು. 1885ರಲ್ಲಿ ಅಲ್ಲಿಯ ಪ್ರಾಧ್ಯಾಪಕ ಪೀಠವನ್ನೇರಿದ ಆಲ್‌ಫ್ರೆಡ್ ಮಾರ್ಷಲ್ಲನು ಬಹುಕಾಲ ಹೋರಾಡಿ, 1903ರಲ್ಲಿ ಅದಕ್ಕೆ ಪ್ರತ್ಯೇಕವಾದ ಆನರ್ಸ್ ಪರೀಕ್ಷೆಯನ್ನು ಸಂಪಾದಿಸಿಕೊಟ್ಟನು. ನಮ್ಮ ದೇಶದಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು 1909ರಲ್ಲಿ ಮಿಂಟೋ ಹೆಸರಿನ ಅರ್ಥಶಾಸ್ತ್ರ ಪೀಠವನ್ನು ಸ್ಥಾಪಿಸಿತು. ಮೈಸೂರಿನ ಕಥೆ ಇನ್ನೂ ಸ್ವಾರಸ್ಯವಾದದ್ದು: ಇಲ್ಲಿ ವಿಶ್ವವಿದ್ಯಾನಿಲಯಕ್ಕಿಂತ ಮುಂಚೆಯೇ ಆರ್ಥಿಕ ವಿಚಾರಕ್ಕೆ ಸಭೆಯೊಂದು ಹುಟ್ಟಿತು. 1911ರಲ್ಲಿ ಏರ್ಪಟ್ಟ ಸಂಪದಭ್ಯುದಯ ಸಮಾಜದಲ್ಲಿ ಕೃಷಿ, ಕೈಗಾರಿಕೆ, ವಿದ್ಯೆ ಇವುಗಳ ಚರ್ಚೆ ನಡೆದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ, 1916ರಲ್ಲಿ, ವಿಶ್ವವಿದ್ಯಾನಿಲಯ ಬಂದಿತು.

ಆನರ್ಸ್ ಎಂಬ ಹೆಸರು ಮಾತ್ರ ನಮ್ಮಲ್ಲಿ ಈಚೆಗೆ ಬಹಳ ಅಲೆದಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಕರ್ಣಾಟಕವು 2021–22ರಲ್ಲಿ ನಾಲ್ಕನೆಯ ವರ್ಷಕ್ಕೆ ಆನರ್ಸ್ ಎಂಬ ಹೆಸರಿಟ್ಟಿತು. 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಹಿಂದಿರುಗಿತು. ದೆಹಲಿಯಲ್ಲಿ 2013ರಲ್ಲಿ ಬಂದ ನಾಲ್ಕು ವರ್ಷದ ಕ್ರಮ 2014ರಲ್ಲಿ ಹೋಯಿತು, 2022ರಲ್ಲಿ ಬೇರೊಂದು ರೂಪದಿಂದ ಪುನಃ ಬಂದಿತು. ಆದಕಾರಣ ಪದವಿಯ ಹೆಸರನ್ನು ನೋಡಿ ಮೋಸಹೋಗದೆ, ಪಾಠಪಟ್ಟಿಯನ್ನು ತರಿಸಿ ನೋಡತಕ್ಕದ್ದು. ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಗಣಿತಪದ್ಧತಿಗಳು, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಎನ್ನುವ ಅರ್ಥಮಿತಿ—ಈ ಐದೂ ಅಲ್ಲಿದ್ದರೆ ಅದು ಹೆಸರೇನೇ ಇರಲಿ ಆನರ್ಸ್. ಇಲ್ಲದಿದ್ದರೆ ಏನು ಬಿರುದಿದ್ದರೂ ಅಲ್ಲ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಈ ಶಾಸ್ತ್ರಕ್ಕೆ ಗಣಿತವೇಕೆ ಬೇಕು? ಅಂಗಡಿಬೀದಿಯ ವಿಚಾರಕ್ಕೆ ಕಲನಶಾಸ್ತ್ರದ ಗೊಡವೆ ಏಕೆ? ಈ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿಬರುವುದು ವಾಸಿ.

ಮಲ್ಲಿಗೆ ಹೂವನ್ನು ಮಾರುವ ಒಬ್ಬ ಹೆಂಗಸನ್ನು ಭಾವಿಸಿಕೊಳ್ಳಿ. ಸಾಧಾರಣ ದಿನದಲ್ಲಿ ಆಕೆ ಮೊಳಕ್ಕೆ 20 ರೂಪಾಯಿಯಂತೆ 100 ಮೊಳ ಮಾರುತ್ತಾಳೆಂದು ಇಟ್ಟುಕೊಳ್ಳೋಣ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದೇ ಹೂವು ಮೊಳಕ್ಕೆ 60 ರೂಪಾಯಿ. ಮಾರಾಟವಾದದ್ದು 250 ಮೊಳ. ಈ ಎರಡು ದಿನಗಳ ಲೆಕ್ಕವನ್ನು ಹೊಸ ವಿದ್ಯಾರ್ಥಿಯ ಮುಂದಿಟ್ಟರೆ ಅವನು ಗಾಬರಿಯಾಗುತ್ತಾನೆ. ಬೆಲೆ ಏರಿದರೆ ಬೇಡಿಕೆ ಕುಗ್ಗುವುದೆಂದು ಅವನು ಮೊದಲನೆಯ ಅಧ್ಯಾಯದಲ್ಲಿ ಬಾಯಿಪಾಠಮಾಡಿದ್ದಾನೆ. ಇಲ್ಲಿ ಬೆಲೆ ಮೂರು ಪಟ್ಟು ಆದರೂ ಮಾರಾಟ ಎರಡೂವರೆ ಪಟ್ಟು ಆಯಿತು. ಹಾಗಾದರೆ ಶಾಸ್ತ್ರ ಸುಳ್ಳೆ?

ಶಾಸ್ತ್ರ ಸುಳ್ಳಲ್ಲ, ನಾವು ನೋಡಿದ್ದು ಬೇರೆ. ಹಬ್ಬದ ದಿನ ಬದಲಾದದ್ದು ಕೊಳ್ಳುವವರ ಮನಸ್ಸು. ಯಾವ ಬೆಲೆಗೇ ಆಗಲಿ ಅವರು ಮುಂಚಿಗಿಂತ ಹೆಚ್ಚು ಹೂವನ್ನು ಬಯಸಿದರು. ಆ ಬಯಕೆ ಬೆಲೆಯನ್ನು ಮೇಲಕ್ಕೆ ತಳ್ಳಿತು. ಮೇಲಾದ ಬೆಲೆಯನ್ನು ನೋಡಿ ಮಾರುವವರು ದೂರದ ತೋಟಗಳಿಂದಲೂ ಹೂವನ್ನು ತರಿಸಿದರು. ಆದ್ದರಿಂದ ಈ ಎರಡು ದಿನಗಳ ಅಂಕಿಗಳು ತೋರಿಸುವುದು ಕೊಳ್ಳುವವರ ಸ್ವಭಾವವನ್ನಲ್ಲ, ಮಾರುವವರ ಸ್ವಭಾವವನ್ನು. ಬೆಲೆ ಇಷ್ಟಾದರೆ ಹೂವು ಇಷ್ಟು ಬರುವುದು ಎಂಬ ಪೂರೈಕೆಯ ರೇಖೆಯನ್ನು ನಾವು, ಬೇಡಿಕೆಯ ರೇಖೆಯೆಂದು ತಪ್ಪಾಗಿ ತಿಳಿದು, ಓದುತ್ತಿದ್ದೇವೆ. ಬೆಲೆಯೊಂದು, ಮಾರಾಟವೊಂದು, ಹೀಗೆ ಅಜ್ಞಾತಗಳು ಎರಡು. ಅವುಗಳನ್ನು ಬಂಧಿಸುವ ಸಂಬಂಧಗಳೂ ಎರಡು. ಎರಡು ರೇಖೆಗಳು ಸಂಧಿಸಿದ ಬಿಂದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ; ರೇಖೆಗಳು ಎಂದೂ ಬೀಳುವುದಿಲ್ಲ. ಈ ತೊಡಕನ್ನು ಎಲ್ಮರ್ ವರ್ಕಿಂಗ್ ಎಂಬ ಅಮೆರಿಕದ ವಿದ್ವಾಂಸನು 1927ರಲ್ಲಿ ಚೆನ್ನಾಗಿ ಬಿಡಿಸಿ ತೋರಿಸಿದನು.

ಬೇಡಿಕೆಯ ರೇಖೆಯೇ ಬೇಕಾದರೆ ಏನು ಮಾಡಬೇಕು? ಕೊಳ್ಳುವವರ ಮನಸ್ಸನ್ನು ಮುಟ್ಟದೆ, ಪೂರೈಕೆಯನ್ನು ಮಾತ್ರ ಅಲುಗಿಸುವ ಕಾರಣವೊಂದನ್ನು ಹುಡುಕಬೇಕು. ಮಳೆ ಬಂದು ಮೊಗ್ಗು ಕಡಮೆಯಾದ ದಿನ ಎಂದು ಒಬ್ಬ ವಿದ್ಯಾರ್ಥಿ ಹೇಳುತ್ತಾನೆ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಎದ್ದು, ಮಳೆ ಬಂದರೆ ಕೊಳ್ಳುವವರೂ ಮನೆಯಿಂದ ಹೊರಡುವುದಿಲ್ಲವಲ್ಲ ಎಂದು ಆಕ್ಷೇಪಿಸುತ್ತಾಳೆ. ಹಾಗಾದರೆ ಊರಿನಲ್ಲಿ ಬಿಸಿಲಿದ್ದು ತೋಟದಲ್ಲಿ ಮಾತ್ರ ಮಳೆಯಾದ ದಿನಗಳನ್ನು ಆರಿಸೋಣ ಎಂದು ಮೂರನೆಯವನು. ತರಗತಿಯಲ್ಲಿ ಈ ಮೂರು ಮಾತುಗಳು ಹುಟ್ಟಿದ ದಿನ ಆನರ್ಸ್ ವ್ಯಾಸಂಗ ಆರಂಭವಾಯಿತೆಂದು ನಾನು ಎಣಿಸುತ್ತೇನೆ. ಫಿಲಿಪ್ ರೈಟ್ ಎಂಬಾತನು 1928ರಲ್ಲಿ ಎಣ್ಣೆಗಳ ಮೇಲಣ ಸುಂಕವನ್ನು ಕುರಿತ ತನ್ನ ಗ್ರಂಥದ ಅನುಬಂಧದಲ್ಲಿ, ಅಗಸೆಬೀಜದ ವಿಚಾರವಾಗಿ, ಸರಿಯಾಗಿ ಇದೇ ಉಪಾಯವನ್ನು ಹೂಡಿದ್ದಾನೆ. ಅಂದು ಅದನ್ನು ಗಮನಿಸಿದವರು ವಿರಳ; ಇಂದು ಅದಿಲ್ಲದೆ ಅರ್ಥಮಿತಿಯ ಪಾಠವೇ ಇಲ್ಲ.

ತೋಟದಲ್ಲಿ ಮಳೆಯಾದ ಆ ದಿನ ಹೂವು ಮೊಳಕ್ಕೆ 35 ರೂಪಾಯಿ ಆಗಿ, 60 ಮೊಳ ಮಾತ್ರ ಮಾರಾಟವಾಯಿತೆನ್ನೋಣ. ಬೆಲೆ ನೂರಕ್ಕೆ 75ರಷ್ಟು ಏರಿತು, ಮಾರಾಟ ನೂರಕ್ಕೆ 40ರಷ್ಟು ಇಳಿಯಿತು. ಸಾಧಾರಣ ದಿನ ಆಕೆಗೆ ಬಂದದ್ದು 2000 ರೂಪಾಯಿ. ಹೂವು ಕಡಮೆಯಾದ ದಿನ ಬಂದದ್ದು 2100. ಸರಕು ತಗ್ಗಿದಾಗ ಆದಾಯ ಹೆಚ್ಚಿತು! ಈ ಸಣ್ಣ ಗುಣಾಕಾರದ ಹಿಂದೆ ರೈತನ ಒಂದು ದೊಡ್ಡ ದುಃಖ ಅಡಗಿದೆ. ಇಂಗ್ಲೆಂಡಿನ ಧಾನ್ಯದ ವಿಚಾರವಾಗಿ ಚಾರ್ಲ್ಸ್ ಡೆವೆನೆಂಟನು 1699ರಲ್ಲಿಯೇ ಇದನ್ನು ಬರೆದಿಟ್ಟಿದ್ದನು: ಬೆಳೆ ಹತ್ತರಲ್ಲೊಂದು ಭಾಗ ಕಡಮೆಯಾದರೆ ಬೆಲೆ ಹತ್ತರಲ್ಲಿ ಮೂರು ಭಾಗ ಏರುವುದೆಂದು. ನಮ್ಮ ಕೋಲಾರದಲ್ಲಿ ಟೊಮೆಟೊ ಹುಲುಸಾಗಿ ಬಂದ ವರ್ಷ ರೈತನು ಬುಟ್ಟಿಗಳನ್ನು ರಸ್ತೆಗೆ ಸುರಿಯುವುದನ್ನೂ, 2023ರ ಜುಲೈ ತಿಂಗಳಿನಲ್ಲಿ ಅದೇ ಹಣ್ಣು ಕಿಲೋಗ್ರಾಮಿಗೆ ನೂರು ರೂಪಾಯಿಯನ್ನು ದಾಟಿದ್ದನ್ನೂ ನೋಡಿದವರಿಗೆ ಇದು ಪುಸ್ತಕದ ಮಾತಲ್ಲವೆಂದು ಗೊತ್ತು. ಹೆಚ್ಚು ಬೆಳೆಯಿರಿ ಎಂದು ಉಪದೇಶಿಸುವವನು ಮೊದಲು ಈ ಸ್ಥಿತಿಸ್ಥಾಪಕತ್ವದ ಲೆಕ್ಕವನ್ನು ತಿಳಿದಿರಬೇಕಷ್ಟೆ. ತಿಳಿಯದೆ ಮಾಡಿದ ಉಪದೇಶದ ನಷ್ಟವನ್ನು ತೆರುವವನು ಉಪದೇಶಕನಲ್ಲ.

ಗಣಿತ ಬೇಕಾದದ್ದು ಇಂಥ ಎಡೆಯಲ್ಲಿ. ಅಲಂಕಾರಕ್ಕಲ್ಲ, ಕಾವಲಿಗೆ. ಹಾಗೆಂದು ಗಣಿತವೇ ಅರ್ಥಶಾಸ್ತ್ರವೆಂದು ಬಗೆದವರೂ ಉಂಟು. ಅವರ ಪಾಠವನ್ನು ಕೇಳಿದ ವಿದ್ಯಾರ್ಥಿಯು ಮೂರು ವರ್ಷ ಕಳೆದರೂ ಒಂದು ಸಂತೆಯನ್ನೋ ಸಹಕಾರ ಸಂಘದ ಲೆಕ್ಕದ ಪುಸ್ತಕವನ್ನೋ ನೋಡಿರುವುದಿಲ್ಲ. ಮಾರ್ಷಲ್ಲನು 1865ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದವನು, ಗಣಿತಕ್ಕೆ ಅಂಜಿದವನಲ್ಲ. ಆದರೂ 1906ರಲ್ಲಿ ಬೌಲಿ ಎಂಬ ಸಂಖ್ಯಾಶಾಸ್ತ್ರಜ್ಞನಿಗೆ ಬರೆದ ಪತ್ರದಲ್ಲಿ ಆತನು ಕೊಟ್ಟ ಸಲಹೆಯ ತಾತ್ಪರ್ಯ ಇದು: ಗಣಿತವನ್ನು ಶೀಘ್ರಲಿಪಿಯಂತೆ ಬಳಸು, ಕೆಲಸ ಮುಗಿದಮೇಲೆ ಅದನ್ನು ಆಡುಮಾತಿಗೆ ತಿರುಗಿಸು, ಬಾಳಿನಿಂದ ನಿದರ್ಶನ ಕೊಡು, ಆಮೇಲೆ ಗಣಿತವನ್ನು ಸುಟ್ಟುಬಿಡು, ನಿದರ್ಶನ ಸಿಕ್ಕದಿದ್ದರೆ ತಿರುಗಿಸಿದ್ದನ್ನೂ ಸುಡು. ಸುಡುವುದಕ್ಕೂ ಮೊದಲು ಕೈಯಲ್ಲಿ ಇರಬೇಕಲ್ಲವೆ?

ನನ್ನ ಬಳಿಗೆ ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಬಂದಳು. ತಾಲ್ಲೂಕಿನ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಚ್‌ಇಪಿಎಸ್ ಎಂದು ಕರೆಯುವ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಜೋಡಣೆಯಲ್ಲಿ ಬಹಳ ಮೇಲಾದ ಅಂಕಗಳನ್ನು ಪಡೆದವಳು. ದೆಹಲಿಯ ಕಾಲೇಜುಗಳಲ್ಲಿ ಅರ್ಥಶಾಸ್ತ್ರದ ಆನರ್ಸ್ ಓದಬೇಕೆಂಬುದು ಅವಳ ಆಸೆ. ಅಲ್ಲಿಯ ಪ್ರವೇಶಕ್ಕೆ ಗಣಿತ ಕಡ್ಡಾಯ. ಅವಳಿಗೆ ಅರ್ಥಶಾಸ್ತ್ರದಲ್ಲಿ ನೂರಕ್ಕೆ ನೂರು ಬಂದಿದ್ದರೂ ಅದು ಉಪಯೋಗಕ್ಕೆ ಬರಲಿಲ್ಲ. ಹತ್ತನೆಯ ತರಗತಿಯಾದಮೇಲೆ ಅರ್ಜಿಯನ್ನು ತುಂಬಿದ ದಿನ ಇದನ್ನು ಅವಳಿಗೆ ಹೇಳಿದವರು ಒಬ್ಬರೂ ಇರಲಿಲ್ಲ. ಪಟ್ಟಣದ ಸುಶಿಕ್ಷಿತ ಮನೆಗಳಲ್ಲಿ ಈ ಮಾತು ಊಟದ ಹೊತ್ತಿನಲ್ಲಿ ತಾನಾಗಿ ಮಕ್ಕಳ ಕಿವಿಗೆ ಬೀಳುತ್ತದೆ. ಹಳ್ಳಿಯಲ್ಲಿ ಅದನ್ನು ಹೇಳಬೇಕಾದವರು ಅಧ್ಯಾಪಕರು, ಅವರಿಗೂ ಎಷ್ಟೋ ವೇಳೆ ತಿಳಿದಿರುವುದಿಲ್ಲ. ಅವಳು ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ಬಿ.ಎ. ತರಗತಿಗೆ ಸೇರಿ, ಸಂಜೆಯ ಹೊತ್ತು ಗಣಿತವನ್ನು ಮೊದಲಿನಿಂದ ಕಲಿತಳು. ಬೇಕಾದದ್ದು ಸಮುದ್ರವೇನಲ್ಲ: ಕಲನದ ಮೊದಲ ಪಾಠಗಳು, ಗರಿಷ್ಠ ಕನಿಷ್ಠಗಳನ್ನು ಕಂಡುಹಿಡಿಯುವ ಕ್ರಮ, ಮಾತೃಕೆಗಳು, ಸಂಭಾವ್ಯತೆ. ಎರಡು ವರ್ಷಗಳ ಶ್ರಮ. ಆದರೆ ಪಿಯುಸಿಯಲ್ಲಿಯೇ ಗಣಿತವನ್ನೋ, ಸಿಕ್ಕಿದ ಕಡೆ ಬೇಸಿಕ್ ಮ್ಯಾಥ್ಸನ್ನೋ ತೆಗೆದುಕೊಂಡಿದ್ದರೆ ಆ ಶ್ರಮದಲ್ಲಿ ಅರ್ಧ ಉಳಿಯುತ್ತಿತ್ತು. ಸೇರಬಯಸುವ ಕಾಲೇಜು ಈ ಎರಡರಲ್ಲಿ ಯಾವುದನ್ನು ಒಪ್ಪುವುದೆಂದು ಮುಂಚೆಯೇ ವಿಚಾರಿಸಿಕೊಳ್ಳುವುದು ಅಗತ್ಯ.

ಭಾಷೆಯ ತೊಡಕನ್ನು ಜನರು ದೊಡ್ಡದುಮಾಡಿ ಹೇಳುತ್ತಾರೆ. ಪುಸ್ತಕಗಳು ಇಂಗ್ಲಿಷಿನಲ್ಲಿರುವುದು ನಿಜ. ಆದರೆ ಸೀಮಾಂತ ತುಷ್ಟಿಗುಣವೆಂದರೆ ಏನೆಂದು ಕನ್ನಡದಲ್ಲಿ ಚೆನ್ನಾಗಿ ತಿಳಿದವನಿಗೆ ಅದರ ಇಂಗ್ಲಿಷು ಹೆಸರು ಒಂದು ದಿನದ ಕೆಲಸ. ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಬಲ್ಲವನಿಗೆ ವಿಷಯ ಎಷ್ಟು ದಿನದ ಕೆಲಸವೆಂದು ಹೇಳಲಾರೆ.

ಇನ್ನು, ಈ ವ್ಯಾಸಂಗದಲ್ಲಿ ನಮ್ಮ ದೇಶದ ಪಾಲೇನು ಎಂದು ಕೇಳಬಹುದು. ರಾನಡೆಯವರು 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ, ಇಂಗ್ಲೆಂಡಿನ ಸ್ಥಿತಿಗೆಂದು ಹುಟ್ಟಿದ ಸೂತ್ರಗಳನ್ನು ಭಾರತಕ್ಕೆ ಹಾಗೆಯೇ ಹಚ್ಚಕೂಡದೆಂದು ವಾದಿಸಿದರು. ಅದು ಸೂತ್ರಗಳನ್ನು ಓದಬೇಡಿರೆಂಬ ವಾದವಲ್ಲ. ಓದಿ ಪರೀಕ್ಷಿಸಿರೆಂಬ ವಾದ. ಡಾಕ್ಟರ್ ಅಂಬೇಡ್ಕರರು 1912ರಲ್ಲಿ ಮುಂಬಯಿಯ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರ ರಾಜ್ಯಶಾಸ್ತ್ರಗಳಲ್ಲಿ ಪದವಿ ಪಡೆದು, ಕೊಲಂಬಿಯಾದಲ್ಲಿಯೂ ಲಂಡನ್ನಿನಲ್ಲಿಯೂ ಅದನ್ನೇ ಮುಂದುವರಿಸಿ, ರೂಪಾಯಿಯ ಸಮಸ್ಯೆಯನ್ನು ಕುರಿತ ಗ್ರಂಥವನ್ನು 1923ರಲ್ಲಿ ಪ್ರಕಟಿಸಿದರು. ನಾಣ್ಯಪದ್ಧತಿಯ ವಿಚಾರದಲ್ಲಿ ಆ ಕಾಲದ ದೊಡ್ಡ ಹೆಸರುಗಳನ್ನು ಅವರದೇ ಆಯುಧಗಳಿಂದ ಎದುರಿಸಿದ ಪುಸ್ತಕ ಅದು. ಮೂರನೆಯ ವರ್ಷದ ವಿದ್ಯಾರ್ಥಿಗಳಿಗೆ ನಾನು ಅದನ್ನು ಓದಿರೆಂದು ಒತ್ತಿ ಹೇಳುತ್ತೇನೆ. ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಅರ್ಥಶಾಸ್ತ್ರದ ವಿದ್ಯಾಸಂಸ್ಥೆಗೆ ಅವರ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ.

ಉದ್ಯೋಗದ ಮಾತನ್ನು ಬಿಟ್ಟರೆ ತಂದೆತಾಯಿಗಳು ಒಪ್ಪಲಾರರು. ಬ್ಯಾಂಕು, ವಿಮೆ, ಪತ್ರಿಕಾವೃತ್ತಿ, ಅಂಕಿಅಂಶಗಳನ್ನು ವಿಮರ್ಶಿಸುವ ನಾನಾ ಬಗೆಯ ಕಚೇರಿಗಳು ಆನರ್ಸ್ ಪದವೀಧರರಿಗೆ ತೆರೆದಿವೆ. ಅರ್ಥಶಾಸ್ತ್ರಜ್ಞನೆಂಬ ಹೆಸರಿನ ಕೆಲಸಕ್ಕೆ ಮಾತ್ರ ಈ ಪದವಿಯೊಂದೇ ಸಾಲದು. 1961ರಲ್ಲಿ ಏರ್ಪಟ್ಟ ಇಂಡಿಯನ್ ಎಕನಾಮಿಕ್ ಸರ್ವಿಸಿನ ಪರೀಕ್ಷೆಗೆ ಕೂಡಬೇಕಾದರೆ ಸ್ನಾತಕೋತ್ತರ ಪದವಿ ಬೇಕು. ಆ ಮೇಲ್ತರಗತಿಗಳ ಪ್ರವೇಶಪರೀಕ್ಷೆಗಳಲ್ಲಿ ಗಣಿತವೂ ಸಂಖ್ಯಾಶಾಸ್ತ್ರವೂ ಇನ್ನೊಮ್ಮೆ ಎದುರಾಗುತ್ತವೆ. ಆದ್ದರಿಂದ ಮನೆಯವರು ಮೂರು ವರ್ಷದ ಖರ್ಚನ್ನಲ್ಲ, ಐದು ವರ್ಷದ ಖರ್ಚನ್ನು ಲೆಕ್ಕಹಾಕಬೇಕು. ಆ ಐದು ವರ್ಷ ಮಗನೋ ಮಗಳೋ ಬೇರೆ ಕೆಲಸದಲ್ಲಿ ಸಂಪಾದಿಸಬಹುದಾಗಿದ್ದ ಹಣವನ್ನೂ ಅದಕ್ಕೆ ಕೂಡಿಸಬೇಕು. ಈ ಎರಡನೆಯ ಬಾಬತ್ತಿಗೆ ಶಾಸ್ತ್ರದಲ್ಲಿ ಅವಕಾಶವೆಚ್ಚವೆಂದು ಹೆಸರು. ಅದನ್ನು ಮೊದಲನೆಯ ವರ್ಷದ ಮೊದಲನೆಯ ತಿಂಗಳಿನಲ್ಲಿಯೇ ಹೇಳಿಕೊಡುತ್ತೇವೆ.